ಚುನಾವಣೆ ಶುರುವಾಗುವುದು ವೋಟರ್ ಲಿಸ್ಟಿನಲ್ಲಿ

ಸ್ವತಂತ್ರ ಭಾರತದ ಮೊದಲ ಮತದಾರರ ಪಟ್ಟಿ ಬರೆಯಲು ಮನೆಮನೆಗೆ ಹೋದ ಸಿಬ್ಬಂದಿಗೆ ಉತ್ತರ ಭಾರತದ ಊರೂರುಗಳಲ್ಲಿ ಒಂದೇ ಬಗೆಯ ಉತ್ತರ ಸಿಗುತ್ತಿತ್ತು. ಒಳಗಿರುವ ಹೆಂಗಸಿನ ಹೆಸರೇನು ಎಂದರೆ ಇಂಥವರ ಹೆಂಡತಿ, ಇಂಥವರ ತಾಯಿ, ಇಂಥವರ ಮಗಳು. ಹೊರಗಿನ ಗಂಡಸಿಗೆ ಮನೆಯ ಹೆಣ್ಣುಮಕ್ಕಳ ಹೆಸರು ಹೇಳುವ ರೂಢಿ ಇರಲಿಲ್ಲ. ಸಿಬ್ಬಂದಿಯೂ ಹಾಗೇ ಬರೆದುಕೊಂಡು ಬಂದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಇದನ್ನು ಒಪ್ಪಲಿಲ್ಲ. ಮತ ಹಾಕುವುದು ವ್ಯಕ್ತಿ, ವ್ಯಕ್ತಿಗೆ ಹೆಸರು ಇರಲೇಬೇಕು, ಹೆಸರು ಕೊಡದಿದ್ದರೆ ಪಟ್ಟಿಯಲ್ಲಿ ಜಾಗವಿಲ್ಲ ಎಂಬುದು ಅವರ ನಿಲುವು. ಗಡುವು ವಿಸ್ತರಿಸಿ ನೋಡಿದರು, ಪ್ರಚಾರ ಮಾಡಿಸಿದರು. ಕೊನೆಗೂ ಸುಮಾರು 28 ಲಕ್ಷ ಮಹಿಳೆಯರ ನಮೂದು ಪಟ್ಟಿಯಿಂದ ಹೊರಬಿತ್ತು. ಆಗ ದೇಶದಲ್ಲಿದ್ದ ಮಹಿಳಾ ಮತದಾರರು ಹೆಚ್ಚುಕಡಿಮೆ 8 ಕೋಟಿ.

ಮೊದಲ ಮಹಾಚುನಾವಣೆ ಎಂದರೆ ನಮ್ಮ ಕಣ್ಣೆದುರಿಗೆ ಬರುವುದು ಉದ್ದದ ಸಾಲು, ಸೆರಗು ಹೊದ್ದ ಮುದುಕಿಯರು, ಕಬ್ಬಿಣದ ಪೆಟ್ಟಿಗೆ. ಆ 28 ಲಕ್ಷ ಹೆಂಗಸರು ಯಾವ ಫೋಟೊದಲ್ಲೂ ಇಲ್ಲ. ಸಾಲಿನಲ್ಲಿ ನಿಂತವರ ಅನುಭವವನ್ನು ನಾವು ಎಪ್ಪತ್ತು ವರ್ಷಗಳಿಂದ ಕೊಂಡಾಡುತ್ತ ಬಂದಿದ್ದೇವೆ. ಸಾಲಿಗೆ ಬರುವ ಮುಂಚೆಯೇ ಕೈಬಿಟ್ಟುಹೋದವರ ಕತೆ ಸರ್ಕಾರಿ ವರದಿಯ ಒಂದು ಪ್ಯಾರಾದಲ್ಲಿ ಉಳಿದಿದೆ, ಅಷ್ಟೆ. ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ, ಅಂದರೆ ಪತ್ರಿಕೆಗಳು ದಿನಾ ಬರೆಯುವ ಎಸ್‌ಐಆರ್, ಇಷ್ಟು ಸದ್ದು ಮಾಡುತ್ತಿರುವ ಹೊತ್ತಿನಲ್ಲಿ ಆ ಪ್ಯಾರಾವನ್ನು ಮತ್ತೆ ಓದಬೇಕು ಅನಿಸುತ್ತದೆ. ಮತದಾನದ ಅನುಭವ ಮತಗಟ್ಟೆಯಲ್ಲಿ ಆಗುವಂಥದ್ದು ಎಂದು ತಿಳಿದಿರುತ್ತೇವೆ. ಅದರ ಮುಕ್ಕಾಲು ಪಾಲು ಪಟ್ಟಿಯಲ್ಲೇ ತೀರ್ಮಾನವಾಗಿರುತ್ತದೆ. ಆ ಪಟ್ಟಿ ಮಾಡುವ ಹೊರೆ ಯಾರ ತಲೆಯ ಮೇಲಿದೆ ಎಂಬುದು ಈಗಿನ ಜಗಳದ ತಿರುಳು.

1951ರ ಕೆಲಸ ಎಷ್ಟು ದೊಡ್ಡದಿತ್ತು ಎಂದು ಮೊದಲು ನೋಡೋಣ. 1935ರ ಕಾಯ್ದೆಯಡಿ ನಡೆದ ಚುನಾವಣೆಯಲ್ಲಿ ಬ್ರಿಟಿಷ್ ಭಾರತದಲ್ಲಿ ಮತದ ಹಕ್ಕು ಇದ್ದದ್ದು ಸುಮಾರು 3 ಕೋಟಿ ಜನರಿಗೆ. ಆಸ್ತಿ ಇರಬೇಕು, ಕಂದಾಯ ಕಟ್ಟಿರಬೇಕು, ಇಲ್ಲವೇ ಇಂತಿಷ್ಟು ಓದಿರಬೇಕು. ನಮ್ಮ ಮೈಸೂರಿನಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಇತ್ತು ಎಂದು ಹೆಮ್ಮೆಪಡುತ್ತೇವಲ್ಲ, ಅಲ್ಲಿ ಕೂತವರೂ ಜಮೀನು, ವ್ಯಾಪಾರ, ಓದು ಇದ್ದವರೇ. ಅಲ್ಲಿಂದ 17 ಕೋಟಿ 30 ಲಕ್ಷ ಮತದಾರರಿಗೆ ಒಂದೇ ನೆಗೆತ. 21 ತುಂಬಿದ ಪ್ರತಿಯೊಬ್ಬರಿಗೂ ಮತ. ಅವರಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಜನರಿಗೆ ಓದುಬರಹ ಬರುತ್ತಿರಲಿಲ್ಲ.

ಈ ನೆಗೆತಕ್ಕೆ ತಯಾರಿ ಶುರುವಾದದ್ದು ಸಂವಿಧಾನ ಜಾರಿಗೆ ಬರುವುದಕ್ಕೂ ಮುಂಚೆ ಎಂಬುದು ಹಲವರಿಗೆ ಗೊತ್ತಿಲ್ಲ. 1948ರಲ್ಲೇ ಸಂವಿಧಾನ ಸಭೆಯ ಸಚಿವಾಲಯ ಪ್ರಾಂತಗಳಿಗೂ ಸಂಸ್ಥಾನಗಳಿಗೂ ಪತ್ರ ಬರೆದು, ವಯಸ್ಕ ಮತಾಧಿಕಾರದ ಆಧಾರದ ಮೇಲೆ ಕರಡು ಪಟ್ಟಿ ಮಾಡಲು ಹೇಳಿತು. ವಿಭಜನೆಯ ಗಾಯ ಇನ್ನೂ ಹಸಿಯಾಗಿತ್ತು. ಲಕ್ಷಾಂತರ ಜನ ಶಿಬಿರಗಳಲ್ಲಿದ್ದರು. ಪಟ್ಟಿಯಲ್ಲಿ ಸೇರಲು ಇಂತಿಷ್ಟು ದಿನ ಒಂದೇ ಕಡೆ ವಾಸವಾಗಿರಬೇಕು ಎಂಬ ನಿಯಮ ಹಾಕಿದರೆ ನಿರಾಶ್ರಿತರೆಲ್ಲ ಹೊರಗೆ. ಹಾಗಾಗಿ ಅವರಿಗೆ ಆ ನಿಯಮ ಸಡಿಲಿಸಿದರು. ಇಲ್ಲೇ ನೆಲೆಸುವ ಉದ್ದೇಶವಿದೆ ಎಂದು ಅವರು ಘೋಷಿಸಿಕೊಂಡರೆ ಸಾಕಿತ್ತು. ದಾಖಲೆ ತಾ ಅನ್ನಲಿಲ್ಲ, ಏಕೆಂದರೆ ಉಟ್ಟ ಬಟ್ಟೆಯಲ್ಲಿ ಗಡಿ ದಾಟಿ ಬಂದವರ ಬಳಿ ದಾಖಲೆ ಇರುವುದಿಲ್ಲ ಎಂಬುದು ಅಧಿಕಾರಿಗಳಿಗೆ ಗೊತ್ತಿತ್ತು. ದೇಶ ಒಡೆದ ಸಮಯದಲ್ಲಿ, ಯಾರು ಪ್ರಜೆ ಯಾರಲ್ಲ ಎಂಬ ಪ್ರಶ್ನೆ ಬೆಂಕಿಯಂತಿದ್ದ ಹೊತ್ತಿನಲ್ಲಿ ತೆಗೆದುಕೊಂಡ ನಿರ್ಧಾರ ಇದು. ನನ್ನ ದೃಷ್ಟಿಯಲ್ಲಿ ಆ ಚುನಾವಣೆಯನ್ನು ಐತಿಹಾಸಿಕ ಮಾಡಿದ್ದರಲ್ಲಿ 20 ಲಕ್ಷ ಉಕ್ಕಿನ ಪೆಟ್ಟಿಗೆಗಳ ಪಾಲಿಗಿಂತ ಈ ನಿರ್ಧಾರದ ಪಾಲು ದೊಡ್ಡದು.

ಕ್ಷೇತ್ರವಾರು ಪಟ್ಟಿಗಳನ್ನು ಟೈಪು ಮಾಡಿ ಹೊಂದಿಸಲು 16,500 ಗುಮಾಸ್ತರನ್ನು ಆರು ತಿಂಗಳ ಗುತ್ತಿಗೆ ಮೇಲೆ ತೆಗೆದುಕೊಂಡರು. 1951ರ ಅಕ್ಟೋಬರ್ 25ರಂದು ಹಿಮಾಚಲದ ಚಿನಿಯಲ್ಲಿ, ಹಿಮ ಬಿದ್ದು ದಾರಿ ಮುಚ್ಚುವ ಮುಂಚೆ, ಮೊದಲ ಮತಗಳು ಬಿದ್ದವು. ಅಲ್ಲಿ ಮತ ಹಾಕಿದ ಶಾಲಾ ಮೇಷ್ಟ್ರು ಶ್ಯಾಮ್ ಸರಣ್ ನೇಗಿ 2022ರ ನವೆಂಬರ್‌ನಲ್ಲಿ ತೀರಿಕೊಳ್ಳುವುದಕ್ಕೆ ಮೂರು ದಿನ ಮುಂಚೆಯೂ ಅಂಚೆ ಮತ ಹಾಕಿದ್ದರು. ದೇಶದಾದ್ಯಂತ ಮತದಾನ ಮುಗಿದದ್ದು 1952ರ ಫೆಬ್ರುವರಿಯಲ್ಲಿ.

ಕನ್ನಡಿಗರು ಆಗ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಧಾರವಾಡದವರು ಮುಂಬೈ ವಿಧಾನಸಭೆಗೆ, ಕಲಬುರಗಿಯವರು ಹೈದರಾಬಾದಿಗೆ, ಮಂಗಳೂರು ಮತ್ತು ಬಳ್ಳಾರಿ ಜಿಲ್ಲೆಯ ಬಹುಪಾಲು ಊರಿನವರು ಮದ್ರಾಸಿಗೆ, ಮಡಿಕೇರಿಯವರು ಕೊಡಗಿನದೇ 24 ಸ್ಥಾನಗಳ ಪುಟ್ಟ ವಿಧಾನಸಭೆಗೆ ಮತ ಹಾಕಿದರು. ಹಳೇ ಮೈಸೂರಿನವರಿಗೆ ಮೈಸೂರು ರಾಜ್ಯ. ಕರ್ನಾಟಕದ ಮೊದಲ ಚುನಾವಣೆ ಎಂದು ಒಂದೇ ಒಂದು ನಡೆಯಲೇ ಇಲ್ಲ.

ಅದರಲ್ಲಿ ಮಲೆನಾಡಿನ ಸಾಗರ–ಹೊಸನಗರ ಕ್ಷೇತ್ರ ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುತ್ತದೆ. ಚುನಾವಣೆಗೆ ಕೆಲವೇ ತಿಂಗಳ ಹಿಂದೆ, 1951ರ ಏಪ್ರಿಲ್‌ನಲ್ಲಿ, ಪಕ್ಕದ ಕಾಗೋಡಿನಲ್ಲಿ ಗೇಣಿದಾರರು ಗದ್ದೆಗಿಳಿದು ಸತ್ಯಾಗ್ರಹ ಮಾಡಿದ್ದರು. ಗೇಣಿ ಅಳೆಯುವ ಕೊಳಗದ ಅಳತೆಯಿಂದ ಶುರುವಾದ ಜಗಳ ಅದು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದೇ ನೆಲದಿಂದ ಸೋಷಲಿಸ್ಟ್ ಪಕ್ಷದ ಶಾಂತವೇರಿ ಗೋಪಾಲಗೌಡರು, ಇನ್ನೂ ಮೂವತ್ತು ತುಂಬದವರು, ವಿಧಾನಸಭೆಗೆ ಗೆದ್ದು ಹೋದರು. ರಾಜ್ಯದಲ್ಲಿ ಕಾಂಗ್ರೆಸ್ 99ರಲ್ಲಿ 74 ಗೆದ್ದು ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾದ ಅದೇ ಚುನಾವಣೆ.

ಅಲ್ಲಿ ಮತ ಹಾಕಿದ ಗೇಣಿದಾರ ಏನು ಮಾಡಬೇಕಿತ್ತು ಎಂದು ಸ್ವಲ್ಪ ಹತ್ತಿರದಿಂದ ನೋಡಿ. ಆಗ ಮತಪತ್ರದ ಮೇಲೆ ಯಾರ ಹೆಸರೂ ಇರಲಿಲ್ಲ, ಗುರುತೂ ಇರಲಿಲ್ಲ. ಪರದೆಯ ಹಿಂದೆ ಅಭ್ಯರ್ಥಿಗೊಂದರಂತೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಪಕ್ಷದ ಗುರುತು. ಜೋಡೆತ್ತಿನ ಪೆಟ್ಟಿಗೆ ಕಾಂಗ್ರೆಸ್ಸಿನದು, ಮರದ ಪೆಟ್ಟಿಗೆ ಸೋಷಲಿಸ್ಟರದು. ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬಂದರೆ ಮುಗಿಯಿತು. ಸೀಲು ಒತ್ತುವ ಗೋಜಿಲ್ಲ, ಓದಬೇಕಾಗಿಯೂ ಇಲ್ಲ. ಮತಪತ್ರದ ಮೇಲೆ ಗುರುತು ಒತ್ತುವ ಪದ್ಧತಿ ದೇಶದಾದ್ಯಂತ ಬಂದದ್ದು 1962ರಲ್ಲಿ. ಒಡೆಯರ ಮನೆಯ ಅಂಗಳದಲ್ಲಿ ತಲೆಯೆತ್ತಿ ಮಾತಾಡದವನು ಆ ಪರದೆಯ ಹಿಂದೆ ಎರಡು ನಿಮಿಷ ಒಬ್ಬನೇ ನಿಂತ. ಅವನು ಅಲ್ಲಿಗೆ ತಲುಪಲು ಯಾವ ಅರ್ಜಿಯನ್ನೂ ತುಂಬಿರಲಿಲ್ಲ ಎಂಬುದನ್ನು ಗಮನಿಸಬೇಕು. ಸರ್ಕಾರದವರೇ ಅವನ ಬಾಗಿಲಿಗೆ ಬಂದು ಹೆಸರು ಬರೆದುಕೊಂಡು ಹೋಗಿದ್ದರು.

ಪಟ್ಟಿಯೇ ಇಲ್ಲದೆ ಚುನಾವಣೆ ಮಾಡಬಹುದೇ? ಮಾಡಿದ್ದಾರೆ. 1994ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಎಲ್ಲ ಬಣ್ಣದವರೂ ಸೇರಿ ಮೊದಲ ಸಲ ಮತ ಹಾಕಿದಾಗ ಅಲ್ಲಿ ಮತದಾರರ ಪಟ್ಟಿಯೇ ಇರಲಿಲ್ಲ. ವರ್ಣಭೇದದ ಸರ್ಕಾರ ಕರಿಯರನ್ನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. ಇದ್ದ ಸಮಯದಲ್ಲಿ ಹೊಸ ಪಟ್ಟಿ ಮಾಡುವುದು ಸಾಧ್ಯವಿರಲಿಲ್ಲ. ಗುರುತಿನ ಪುಸ್ತಕ ತೋರಿಸಿ ಮತ ಹಾಕುವುದು, ಅದು ಇಲ್ಲದವರಿಗೆ ತಾತ್ಕಾಲಿಕ ಮತದಾರರ ಕಾರ್ಡು. ಎರಡು ಸಲ ಹಾಕದಂತೆ ಕೈಗೆ ಕಣ್ಣಿಗೆ ಕಾಣದ ಶಾಯಿ, ಅದನ್ನು ನೇರಳಾತೀತ ದೀಪದ ಕೆಳಗೆ ಹಿಡಿದು ನೋಡುವುದು. ಇಂಕಾಥಾ ಪಕ್ಷ ಕೊನೆಯ ವಾರದಲ್ಲಿ ಸ್ಪರ್ಧೆಗೆ ಒಪ್ಪಿದ್ದರಿಂದ ಅಚ್ಚಾಗಿದ್ದ ಮತಪತ್ರಗಳ ತಳಕ್ಕೆ ಅದರ ಹೆಸರಿನ ಚೀಟಿ ಅಂಟಿಸಿದರು. ಗೊಂದಲ ಬೇಕಾದಷ್ಟಿತ್ತು. ಕೆಲವು ಪ್ರದೇಶಗಳಲ್ಲಿ ಮತದಾನವನ್ನು ಇನ್ನೊಂದು ದಿನ ಮುಂದುವರಿಸಬೇಕಾಯಿತು. ಆದರೂ ಸುಮಾರು 1 ಕೋಟಿ 97 ಲಕ್ಷ ಜನ ಮತ ಹಾಕಿದರು, ಫಲಿತಾಂಶವನ್ನು ಸೋತವರೂ ಒಪ್ಪಿದರು. ನೆಲ್ಸನ್ ಮಂಡೇಲಾ ತಮ್ಮ ಜೀವಮಾನದ ಮೊದಲ ಮತ ಹಾಕಿದ್ದು ಆ ಏಪ್ರಿಲ್ 27ರಂದು, ಡರ್ಬನ್ ಹತ್ತಿರದ ಇನಾಂಡಾದ ಶಾಲೆಯೊಂದರಲ್ಲಿ, 75ನೇ ವಯಸ್ಸಿನಲ್ಲಿ. ಮುಂದಿನ ಚುನಾವಣೆ, 1999ರದ್ದು, ಪಟ್ಟಿ ಮಾಡಿಕೊಂಡೇ ನಡೆಯಿತು. ಪಟ್ಟಿಯೇ ಬೇಡ ಎಂಬ ವಾದಕ್ಕಾಗಿ ಇದನ್ನು ಹೇಳುತ್ತಿಲ್ಲ. ಒಬ್ಬನೂ ಹೊರಗುಳಿಯಬಾರದು ಎಂದು ಮೊದಲು ತೀರ್ಮಾನಿಸಿದರೆ, ಮೋಸ ತಡೆಯಲು ಬೇರೆ ದಾರಿಗಳನ್ನು ಹುಡುಕಿಕೊಳ್ಳಲು ಆಗುತ್ತದೆ.

ಈಗ ನಮ್ಮ ಕಾಲಕ್ಕೆ ಬರೋಣ. ಚುನಾವಣಾ ಆಯೋಗ 2025ರ ಜೂನ್ 24ರಂದು ಬಿಹಾರದಿಂದ ಶುರುಮಾಡಿ ಇಡೀ ದೇಶದಲ್ಲಿ ಎಸ್‌ಐಆರ್ ನಡೆಸುವುದಾಗಿ ಆದೇಶ ಹೊರಡಿಸಿತು. ಬಿಹಾರದಲ್ಲಿ ಇಂಥ ಪರಿಷ್ಕರಣೆ ಕೊನೆಯ ಬಾರಿ ಆದದ್ದು 2003ರಲ್ಲಿ. ಇದ್ದ ಪಟ್ಟಿಯ ಸುಮಾರು 7.89 ಕೋಟಿ ಮತದಾರರಲ್ಲಿ ಪ್ರತಿಯೊಬ್ಬರೂ ಒಂದು ತಿಂಗಳೊಳಗೆ ಗಣತಿ ನಮೂನೆ ತುಂಬಿ ಸಹಿ ಹಾಕಿ ಕೊಡಬೇಕು. 2003ರ ಪಟ್ಟಿಯಲ್ಲಿ ಹೆಸರಿದ್ದವರಿಗೆ ಆ ಪುಟ ಸಾಕು. ಉಳಿದವರು 11 ದಾಖಲೆಗಳ ಪಟ್ಟಿಯಿಂದ ಒಂದನ್ನು ತೋರಿಸಬೇಕು. 1987ರ ಜುಲೈ 1ರ ನಂತರ ಹುಟ್ಟಿದವರು ತಂದೆ ತಾಯಿಯರಲ್ಲಿ ಒಬ್ಬರದ್ದನ್ನೂ, 2004ರ ಡಿಸೆಂಬರ್ 2ರ ನಂತರ ಹುಟ್ಟಿದವರು ಇಬ್ಬರದ್ದನ್ನೂ ಕೊಡಬೇಕು. ಈ ದಿನಾಂಕಗಳು ಎಲ್ಲಿಂದ ಬಂದವು ಎಂದು ಕೇಳುವವರಿಗೆ: ಪೌರತ್ವ ಕಾಯ್ದೆಯ ತಿದ್ದುಪಡಿಗಳು ಜಾರಿಗೆ ಬಂದ ದಿನಗಳಿಂದ. ಮತದಾರ ಭಾರತೀಯ ಪ್ರಜೆಯಾಗಿರಬೇಕು ಎಂದು ಸಂವಿಧಾನದ 326ನೇ ವಿಧಿ ಹೇಳುತ್ತದೆ, ಹಾಗಾಗಿ ಪರಿಶೀಲಿಸುವುದು ನಮ್ಮ ಕೆಲಸ ಎಂಬುದು ಆಯೋಗದ ವಾದ. ಇಷ್ಟು ವರ್ಷ ಮತ ಹಾಕುತ್ತ ಬಂದವನಿಗೆ ಈಗ ನೀನು ಪ್ರಜೆ ಎಂದು ನೀನೇ ತೋರಿಸು ಅನ್ನುವುದು ಹೊರೆಯನ್ನು ತಲೆಕೆಳಗು ಮಾಡಿದಂತೆ ಎಂಬುದು ಸುಪ್ರೀಂ ಕೋರ್ಟಿಗೆ ಹೋದವರ ವಾದ.

ಆಗಸ್ಟ್ 1ರ ಕರಡು ಪಟ್ಟಿಯಲ್ಲಿ 7.24 ಕೋಟಿ ಹೆಸರು ಉಳಿದವು. 65 ಲಕ್ಷ ಹೊರಗೆ. ಅದರಲ್ಲಿ ಸುಮಾರು 22 ಲಕ್ಷ ತೀರಿಕೊಂಡವರು, 36 ಲಕ್ಷ ಊರು ಬಿಟ್ಟವರು ಇಲ್ಲವೇ ಸಿಗದವರು, 7 ಲಕ್ಷ ಎರಡು ಕಡೆ ಹೆಸರಿದ್ದವರು ಎಂದು ಆಯೋಗ ಲೆಕ್ಕ ಕೊಟ್ಟಿತು. ಯಾರ ಹೆಸರು, ಯಾವ ಕಾರಣಕ್ಕೆ ಎಂಬ ವಿವರ ಮಾತ್ರ ಹೊರಗೆ ಬರಲಿಲ್ಲ. ಅದು ಬಂದದ್ದು ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆ. ಜನರ ಕೈಯಲ್ಲಿ ಸಾಮಾನ್ಯವಾಗಿ ಇರುವ ಆಧಾರ್ ಕಾರ್ಡನ್ನು ಹನ್ನೆರಡನೇ ದಾಖಲೆಯಾಗಿ ಒಪ್ಪಿದ್ದು ಸೆಪ್ಟೆಂಬರ್ 8ರ ಆದೇಶದ ನಂತರ. ಸೆಪ್ಟೆಂಬರ್ 30ರ ಅಂತಿಮ ಪಟ್ಟಿಯಲ್ಲಿ 7.42 ಕೋಟಿ ಜನರಿದ್ದರು.

ಆಮೇಲೆ ನಡೆದ ಚುನಾವಣೆಯನ್ನು ಐತಿಹಾಸಿಕ ಎಂದು ಕರೆದರು. ಮತದಾನ ಶೇ 67ರ ಹತ್ತಿರ, ಬಿಹಾರದಲ್ಲಿ ಹಿಂದೆಂದೂ ಆಗದಷ್ಟು. ಹೆಂಗಸರು ಗಂಡಸರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಬಂದು ಮತ ಹಾಕಿದರು. ಈ ಅಂಕಿಯನ್ನು ಓದುವಾಗ ಒಂದು ಎಚ್ಚರ ಬೇಕು. ಶೇಕಡಾವಾರು ಅಂದರೆ ಭಾಗಾಕಾರ. ಕೆಳಗಿನ ಅಂಕಿ ಇಳಿದರೆ, ಮೇಲಿನದು ಇದ್ದಲ್ಲೇ ಇದ್ದರೂ ಶೇಕಡಾವಾರು ಏರುತ್ತದೆ. ಅದೇ ಸುಮಾರು 5 ಕೋಟಿ ಮತಗಳನ್ನು ಹಳೆಯ 7.89 ಕೋಟಿಯಿಂದ ಭಾಗಿಸಿದರೆ ಶೇ 63 ಆಗುತ್ತದೆ. ಆಗಲೂ ವಿಧಾನಸಭೆ ಚುನಾವಣೆಯ ಮಟ್ಟಿಗೆ ದಾಖಲೆಯೇ, ಹಿಂದಿನದಕ್ಕಿಂತ ಕೂದಲೆಳೆಯಷ್ಟು ಮೇಲೆ. ಜನ ಹೆಚ್ಚಾಗಿ ಬಂದದ್ದು ನಿಜ, 2020ಕ್ಕಿಂತ ಮುಕ್ಕಾಲು ಕೋಟಿಯಷ್ಟು ಹೆಚ್ಚು ಮತ ಬಿದ್ದಿವೆ. ಆದರೆ 67 ಎಂಬ ಅಂಕಿಯ ಒಂದು ಪಾಲು ಉತ್ಸಾಹದ್ದು, ಒಂದು ಪಾಲು ಗುಡಿಸಿದ ಪಟ್ಟಿಯದು. ಎಸ್‌ಐಆರ್ ಪರ ಮಾತಾಡುವವರು ಎರಡನೆಯದನ್ನು ಮರೆಯುತ್ತಾರೆ, ವಿರೋಧಿಸುವವರು ಮೊದಲನೆಯದನ್ನು.

ಈ ಭಾಗಾಕಾರ ನಮ್ಮ ಮನೆಯ ವಿಷಯವೂ ಹೌದು. 2024ರ ಲೋಕಸಭೆ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ 81 ದಾಟಿದರೆ, ಬೆಂಗಳೂರು ದಕ್ಷಿಣದಲ್ಲಿ ಶೇ 53ರ ಆಸುಪಾಸಿನಲ್ಲೇ ನಿಂತಿತು. ಬೆರಳಿಗೆ ಹಚ್ಚುವ ಶಾಯಿ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಶುರುವಾದ ಕಾರ್ಖಾನೆ 1962ರಿಂದ ಇಡೀ ದೇಶಕ್ಕೆ ಅದನ್ನು ಮಾಡಿಕೊಡುತ್ತಿದೆ. ಮತಯಂತ್ರ ಮಾಡುವ ಎರಡು ಕಂಪನಿಗಳಲ್ಲಿ ಒಂದಾದ ಬಿಇಎಲ್ ಬೆಂಗಳೂರಿನದು. ಶಾಯಿ, ಯಂತ್ರ ಎರಡನ್ನೂ ದೇಶಕ್ಕೆ ಕೊಟ್ಟು ರಾಜಧಾನಿಯ ಅರ್ಧ ಜನ ಮನೆಯಲ್ಲೇ ಇದ್ದುಬಿಡುತ್ತಾರೆ ಎಂದು ಪ್ರತಿ ಸಲ ಬೈಯುತ್ತೇವೆ. ಬೈಗುಳಕ್ಕೆ ಕಾರಣವಿಲ್ಲ ಎಂದಲ್ಲ. ಆದರೆ ಬಾಡಿಗೆ ಮನೆ ಬದಲಿಸುತ್ತಲೇ ಇರುವ ಊರಿನಲ್ಲಿ ಹಳೆಯ ವಿಳಾಸದ ಹೆಸರು ತೆಗೆಸುವವರು ಕಡಿಮೆ, ತೀರಿಕೊಂಡ ಅಜ್ಜನ ಹೆಸರು ತೆಗೆಸಲು ಫಾರಂ ತುಂಬುವವರು ಇನ್ನೂ ಕಡಿಮೆ. ಜೊತೆಗೆ ಯಾದಗಿರಿ, ರಾಯಚೂರಿನಿಂದ ಬಂದು ಸೆಂಟ್ರಿಂಗ್ ಕೆಲಸ ಮಾಡುವವರ ಹೆಸರು ಊರಿನಲ್ಲಿ, ಬದುಕು ಇಲ್ಲಿ. ಪಟ್ಟಿ ಉಬ್ಬಿದೆ ಎಂಬುದು ಸುಳ್ಳಲ್ಲ. ಎಷ್ಟು ಉಬ್ಬಿದೆ ಎಂದು ತಿಳಿಯಲು ಮನೆಮನೆಗೆ ಹೋಗುವುದನ್ನು ಬಿಟ್ಟು ಬೇರೆ ದಾರಿಯೂ ಇಲ್ಲ.

ಹಾಗಾಗಿ ಪರಿಷ್ಕರಣೆಯೇ ಬೇಡ ಎನ್ನುವವರ ಜೊತೆ ನಾನಿಲ್ಲ. ತಕರಾರು ಇರುವುದು ಅದರ ರೀತಿಯ ಬಗ್ಗೆ. ಕರ್ನಾಟಕದಲ್ಲೇ ಎರಡು ಸಲ ಪಾಠ ಸಿಕ್ಕಿದೆ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಖಾಸಗಿ ಸಂಸ್ಥೆಯ ಜನ ಬಿಎಲ್‌ಒಗಳ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿಗಳ, ವೇಷದಲ್ಲಿ ಮನೆಮನೆಗೆ ಹೋಗಿ ಮತದಾರರ ಮಾಹಿತಿ ಕಲೆಹಾಕಿದ್ದು ಬಯಲಾಗಿ, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಯನ್ನು ಮತ್ತೆ ಪರಿಶೀಲಿಸಬೇಕಾಯಿತು. ಇನ್ನೊಂದು ಆಳಂದ. 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಅಲ್ಲಿ ಹೆಸರು ತೆಗೆದುಹಾಕಲು ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದಿದ್ದವು. ಪರಿಶೀಲಿಸಿದಾಗ ಸರಿಯಾಗಿದ್ದದ್ದು 24. ಉಳಿದ 5,994 ಅರ್ಜಿಗಳನ್ನು ತಿರಸ್ಕರಿಸಿದ್ದಾಗಿ, ಚುನಾವಣಾ ಅಧಿಕಾರಿಗಳೇ ಎಫ್‌ಐಆರ್ ದಾಖಲಿಸಿದ್ದಾಗಿ ಆಯೋಗವೇ ಹೇಳಿದೆ. ಯಾರು ಮಾಡಿಸಿದರು ಎಂಬುದನ್ನು ರಾಜ್ಯದ ಎಸ್‌ಐಟಿಗೆ ಒಪ್ಪಿಸಲಾಯಿತು. ಮಹದೇವಪುರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನಕಲಿ ಮತದಾರರು ಎಂದು ರಾಹುಲ್ ಗಾಂಧಿ ಮಾಡಿದ ಆರೋಪವನ್ನು ಆಯೋಗ ಅಲ್ಲಗಳೆದಿದೆ, ಆ ವಾದ ಬೇರೆ. ಆಳಂದದ ವಿಷಯದಲ್ಲಿ ಅಂಕಿಗಳ ಬಗ್ಗೆ ಜಗಳವಿಲ್ಲ. ಅಲ್ಲಿ ಆ ಹೆಸರುಗಳನ್ನು ಉಳಿಸಿದ್ದು ಯಾವ ಸಾಫ್ಟ್‌ವೇರೂ ಅಲ್ಲ, ಅರ್ಜಿಯಲ್ಲಿದ್ದ ಹೆಸರಿನವರು ಊರಲ್ಲೇ ಇದ್ದಾರಲ್ಲ ಎಂದು ಗುರುತಿಸಿದ ಸ್ಥಳೀಯರು.

ಈ ಸ್ಥಳೀಯರಲ್ಲಿ ಮುಖ್ಯವಾದವರು ಬಿಎಲ್‌ಒ. ಹೆಚ್ಚಿನ ಕಡೆ ಅಂಗನವಾಡಿ ಕಾರ್ಯಕರ್ತೆ, ಇಲ್ಲವೇ ಸರ್ಕಾರಿ ಶಾಲೆಯ ಟೀಚರು. ತಮ್ಮ ದಿನದ ಕೆಲಸ ಮುಗಿಸಿ ಈ ಕೆಲಸ. ಸಾವಿರದ ಆಸುಪಾಸು ಮತದಾರರ ಮನೆ ಬಾಗಿಲು ತಟ್ಟಬೇಕು, ನಮೂನೆ ಕೊಡಬೇಕು, ತುಂಬಿಸಿ ವಾಪಸ್ ಪಡೆಯಬೇಕು, ಮೊಬೈಲ್ ಆ್ಯಪಿಗೆ ಏರಿಸಬೇಕು. 1948ರಿಂದ 51ರವರೆಗೆ ಮೂರು ವರ್ಷ ತೆಗೆದುಕೊಂಡ ಕೆಲಸವನ್ನು ಬಿಹಾರದಲ್ಲಿ ಅವರು ಒಂದು ತಿಂಗಳಲ್ಲಿ ಮುಗಿಸಿಕೊಟ್ಟರು. ಬಾಗಿಲು ಹಾಕಿದ್ದ ಮನೆಯವರು ಊರು ಬಿಟ್ಟಿದ್ದಾರೋ ಕೂಲಿಗೆ ಹೋಗಿದ್ದಾರೋ ಎಂದು ತಿಳಿಯಲು ಎರಡನೇ ಸಲ, ಮೂರನೇ ಸಲ ಹೋಗಬೇಕು. ಗಡುವು ತಲೆಯ ಮೇಲಿರುವಾಗ ಯಾರಾದರೂ ಏನು ಬರೆದುಕೊಳ್ಳುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ.

ಎಸ್‌ಐಆರ್ ನಡೆದ ಎರಡನೇ ಹಂತದ 12 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಲ್ಲಿ ಕರ್ನಾಟಕ ಇರಲಿಲ್ಲ. ಕನ್ನಡಿಗರು ಇದ್ದರು: ಕಾಸರಗೋಡಿನಲ್ಲಿ, ಹೊಸೂರಿನ ಕಡೆ, ಗೋವಾದ ವಾಸ್ಕೊದಲ್ಲಿ ತಲೆಮಾರಿನಿಂದ ದುಡಿಯುತ್ತಿರುವ ವಿಜಯಪುರ, ಬಾಗಲಕೋಟೆ ಕಡೆಯವರು. ಆದೇಶ ಇಡೀ ದೇಶದ್ದಾದ್ದರಿಂದ ಕರ್ನಾಟಕಕ್ಕೂ ಇದು ತಪ್ಪಿದ್ದಲ್ಲ, ಇಲ್ಲಿ ಆಧಾರವಾಗುವುದು 2002ರ ಪಟ್ಟಿ. ಅಲ್ಲಿ ನಿಮ್ಮ ಹೆಸರೋ ಅಪ್ಪ ಅಮ್ಮನ ಹೆಸರೋ ಇದ್ದರೆ ಅದಕ್ಕೆ ಕೊಂಡಿ ಹಾಕುವುದನ್ನು ಮ್ಯಾಪಿಂಗ್ ಅನ್ನುತ್ತಿದ್ದಾರೆ. ಕೇಳಲು ಸುಲಭ. ಹುಡುಕಲು ಕೂತರೆ ತೊಡಕು. 2008ರಲ್ಲಿ ಹೊಸ ಕ್ಷೇತ್ರ ವಿಂಗಡಣೆಯ ಮೇಲೆ ಚುನಾವಣೆ ಎದುರಿಸಿದ ಮೊದಲ ರಾಜ್ಯ ನಮ್ಮದು. 2002ರಲ್ಲಿ ಉತ್ತರಹಳ್ಳಿ ದೇಶದಲ್ಲೇ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲಿ ಒಂದು. ಈಗ ಆ ಹೆಸರಿನ ಕ್ಷೇತ್ರವೇ ಇಲ್ಲ, ಅದು ಹಲವು ಹೋಳಾಗಿದೆ. ಮಹದೇವಪುರ ಎಂಬ ಕ್ಷೇತ್ರ ಆಗ ಹುಟ್ಟಿರಲಿಲ್ಲ, ವರ್ತೂರು ಇತ್ತು. ಆಲಮಟ್ಟಿ ಹಿನ್ನೀರಿಗೆ ಊರು ಕೊಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದವರ ಹಳೆಯ ವಿಳಾಸ ನೀರಿನಡಿ ಇದೆ.

ಎಲ್ಲಕ್ಕಿಂತ ಕಷ್ಟ ಮದುವೆಯಾಗಿ ಬಂದ ಹೆಣ್ಣುಮಕ್ಕಳದು. ಹೊಸಪೇಟೆಯ ಸೊಸೆಯ ಅಪ್ಪ ಅಮ್ಮನ ಹೆಸರು 2002ರಲ್ಲಿ ಇದ್ದದ್ದು ಕೊಪ್ಪಳದ ಯಾವುದೋ ಹಳ್ಳಿಯ ಯಾವುದೋ ಭಾಗಸಂಖ್ಯೆಯಲ್ಲಿ. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಕೂಗುವ ಹೆಸರು ಇನ್ನೊಂದು. ಶಾಲೆಯ ಟಿಸಿಯಲ್ಲಿ ಮೊದಲನೆಯದು, ರೇಷನ್ ಕಾರ್ಡಿನಲ್ಲಿ ಎರಡನೆಯದು. ಅಣ್ಣನಿಗೆ ಫೋನು ಮಾಡಿ, ಅವನು ಪಂಚಾಯಿತಿಗೆ ಹೋಗಿ, ಪುಟ ಹುಡುಕಿ, ವಾಟ್ಸ್ಆ್ಯಪ್ ಮಾಡಿದ ಮೇಲೆ ಅವಳ ನಮೂನೆ ಪೂರ್ತಿಯಾಗುತ್ತದೆ. ಅಣ್ಣತಮ್ಮಂದಿರ ಜೊತೆ ಆಸ್ತಿಯ ವ್ಯಾಜ್ಯ ನಡೆದಿದ್ದರೆ ಆ ಫೋನೂ ಇಲ್ಲ. 1951ರಲ್ಲಿ ಗಂಡನ ಹೆಸರಿನ ಹಿಂದೆ ನಿಂತಿದ್ದರಿಂದ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಈಗ ಅಪ್ಪನ ಹೆಸರಿನ ಪುಟ ಸಿಗದಿದ್ದರೆ ಹೊರಗುಳಿಯಬಹುದು.

ಇಷ್ಟೆಲ್ಲ ದಾಟಿ ಬಂದವರಿಗೆ ಮತಗಟ್ಟೆಯಲ್ಲಿ ಕಾದಿರುವುದು ಒಂದು ನಿಮಿಷದ ಕೆಲಸ. ಮೊದಲ ಪೋಲಿಂಗ್ ಆಫೀಸರು ಕ್ರಮಸಂಖ್ಯೆ, ಹೆಸರು ಜೋರಾಗಿ ಓದುತ್ತಾರೆ. ಎದುರಿಗೆ ಕೂತ ಏಜೆಂಟರು ತಮ್ಮ ಪ್ರತಿಯಲ್ಲಿ ಗೆರೆ ಎಳೆಯುತ್ತಾರೆ. ಎರಡನೆಯವರು ರಿಜಿಸ್ಟರಿನಲ್ಲಿ ಸಹಿ ಮಾಡಿಸಿ ಎಡಗೈ ತೋರುಬೆರಳಿಗೆ ಶಾಯಿ ಎಳೆದು ಚೀಟಿ ಕೊಡುತ್ತಾರೆ. ಮೂರನೆಯವರು ಚೀಟಿ ಇಸಕೊಂಡು ಯಂತ್ರ ಸಿದ್ಧ ಮಾಡುತ್ತಾರೆ. ರಟ್ಟಿನ ಮರೆಯೊಳಗೆ ನೀಲಿ ಗುಂಡಿ, ಕೆಂಪು ದೀಪ, ವಿವಿಪ್ಯಾಟ್ ಗಾಜಿನೊಳಗೆ 7 ಸೆಕೆಂಡು ಕಾಣುವ ಚೀಟಿ, ಬೀಪ್. ನಿಮ್ಮ ಗುರುತಿನ ಬಗ್ಗೆ ಏಜೆಂಟು ತಕರಾರು ಎತ್ತಬೇಕಾದರೆ 2 ರೂಪಾಯಿ ಠೇವಣಿ ಇಡಬೇಕು, ನಿಯಮ ಇನ್ನೂ ಹಾಗೇ ಇದೆ. ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಆಗಲೇ ಮತ ಹಾಕಿ ಹೋಗಿದ್ದರೂ ಬರಿಗೈಯಲ್ಲಿ ವಾಪಸ್ ಬರಬೇಕಿಲ್ಲ. ನೀವೇ ಅಸಲಿ ಎಂದು ಅಧ್ಯಕ್ಷಾಧಿಕಾರಿಗೆ ಮನವರಿಕೆಯಾದರೆ ಕಾಗದದ ಮತಪತ್ರ ಕೊಡುತ್ತಾರೆ, ನೀವು ಗುರುತು ಒತ್ತಿ ಕೊಟ್ಟದ್ದನ್ನು ಲಕೋಟೆಯಲ್ಲಿ ಇಟ್ಟುಕೊಳ್ಳುತ್ತಾರೆ. ಅದನ್ನು ಟೆಂಡರ್ಡ್ ವೋಟ್ ಅನ್ನುತ್ತಾರೆ. ಎಣಿಕೆಯ ದಿನ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಫಲಿತಾಂಶ ಕೋರ್ಟಿಗೆ ಹೋದರೆ ಮಾತ್ರ ಲಕೋಟೆ ತೆರೆಯುವ ಪ್ರಶ್ನೆ ಬರುತ್ತದೆ. ಇದೆಲ್ಲ ಪಟ್ಟಿಯಲ್ಲಿ ಹೆಸರಿದ್ದವರಿಗೆ. ಹೆಸರೇ ಇಲ್ಲದವರಿಗೆ, ವೋಟರ್ ಐಡಿ ಕೈಯಲ್ಲಿ ಹಿಡಿದು ಬಂದಿದ್ದರೂ, ಆ ದಿನ ಮತಗಟ್ಟೆಯಲ್ಲಿ ಯಾವ ಉಪಾಯವೂ ಇಲ್ಲ. ಐಡಿ ಕಾರ್ಡು ನಿಮ್ಮನ್ನು ಗುರುತಿಸುತ್ತದೆ, ಹಕ್ಕು ಕೊಡುವುದು ಪಟ್ಟಿ. ಪ್ರತಿ ಚುನಾವಣೆಯಲ್ಲೂ ಗೇಟಿನ ಬಳಿ ಆಗುವ ಜಗಳಗಳಲ್ಲಿ ಹೆಚ್ಚಿನವು ಈ ವ್ಯತ್ಯಾಸ ಗೊತ್ತಿಲ್ಲದೆ ಆಗುವಂಥವು.

ಒಂದು ಹೆಸರು ಹೋದರೆ ಏನಾಗುತ್ತದೆ ಎಂದು ಕೇಳುವವರು ಇದ್ದೇ ಇರುತ್ತಾರೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ. 2023ರಲ್ಲಿ ಜಯನಗರದ ಫಲಿತಾಂಶ ತೀರ್ಮಾನವಾದದ್ದು 16 ಮತಗಳಲ್ಲಿ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಮಹಡಿಯಲ್ಲಿ ಅದಕ್ಕಿಂತ ಹೆಚ್ಚು ಮತದಾರರಿರುತ್ತಾರೆ.

ಕಾನೂನಿನಲ್ಲಿ ರಕ್ಷಣೆ ಇಲ್ಲ ಅಂತಲ್ಲ. ಸೇರಿಸಲು ಫಾರಂ 6, ತೆಗೆಯಲು ಫಾರಂ 7, ತಿದ್ದಲು ಅಥವಾ ವಿಳಾಸ ಬದಲಿಸಲು ಫಾರಂ 8. ನೋಂದಣಾಧಿಕಾರಿಯ ತೀರ್ಮಾನದ ಮೇಲೆ 15 ದಿನದೊಳಗೆ ಜಿಲ್ಲಾಧಿಕಾರಿಗೆ, ಅವರ ಆದೇಶದ ಮೇಲೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಹೋಗಬಹುದು. ಈ ಏಣಿ ಹತ್ತಬೇಕಾದರೆ ಹೆಸರು ಹೋಗಿದೆ ಎಂಬುದು ಮೊದಲು ತಿಳಿಯಬೇಕಲ್ಲ. ಬಿಹಾರದ ಅನುಭವದಲ್ಲಿ ಕರ್ನಾಟಕ ಎತ್ತಿಕೊಳ್ಳಬೇಕಾದದ್ದು ಆಗಸ್ಟ್ 14ರ ಆದೇಶದ ಆ ಒಂದು ಅಂಶವನ್ನು: ಕೈಬಿಟ್ಟ ಹೆಸರುಗಳ ಬೂತ್‌ವಾರು ಪಟ್ಟಿ, ಪ್ರತಿ ಹೆಸರಿನ ಮುಂದೆ ಕಾರಣ, ವೆಬ್‌ಸೈಟಿನಲ್ಲಿ ಹುಡುಕಲು ಬರುವಂತೆ, ಪಂಚಾಯಿತಿ ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಕಾಣುವಂತೆ. ಅಲ್ಲಿ ಕೋರ್ಟ್ ಹೇಳಿದ ಮೇಲೆ ಹಚ್ಚಿದರು. ಇಲ್ಲಿ ಕರಡು ಪಟ್ಟಿ ಬಿಡುವ ದಿನವೇ ಹಚ್ಚುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಜೊತೆಗೆ 2002ರ ಪಟ್ಟಿಯ ಹಳೆಯ ಕ್ಷೇತ್ರ, ಭಾಗಸಂಖ್ಯೆ ಈಗಿನ ಯಾವ ಕ್ಷೇತ್ರದ ಯಾವ ಬೂತಿಗೆ ಬರುತ್ತದೆ ಎಂಬ ಹೊಂದಾಣಿಕೆ ಪಟ್ಟಿಯನ್ನು ಬಿಎಲ್‌ಒ ಕೈಗೆ ಮೊದಲೇ ಕೊಟ್ಟರೆ, ಉತ್ತರಹಳ್ಳಿ ಎಲ್ಲಿದೆ ಎಂದು ಮತದಾರ ಹುಡುಕಬೇಕಾಗುವುದಿಲ್ಲ.